ಮೂರನೆಯ ಬ್ಯಾಟರಿ

ಸೈಕಲ್ಲಿಗೆ ಮೋಟಾರು ಕೂತು ಹನ್ನೆರಡು ದಿನವಾಗಿತ್ತು. ಬ್ಯಾಟರಿ ಮಾತ್ರ ಇನ್ನೂ ಬಂದಿರಲಿಲ್ಲ. ಮೋಟಾರಿನಿಂದ ಹೊರಟ ವೈರುಗಳು ಎಲ್ಲಿಗೂ ಸೇರದೆ ಸೀಟಿನ ಕೆಳಗೆ ಸುತ್ತಿಕೊಂಡು ಬಿದ್ದಿದ್ದವು. ಆರುಚ್ಚಾಮಿ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ಅದರ ಮುಂದೆ ನಿಂತು, ಮದುವೆಗೆ ಗಂಡು ಸಿಗದ ಮಗಳನ್ನು ನೋಡುವ ಹಾಗೆ ನೋಡುತ್ತಿದ್ದರು.

ಕೊಯಮತ್ತೂರಿನ ಸಿಂಗಾನಲ್ಲೂರಿನ ಒಂದು ನೂಲಿನ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ಫಿಟ್ಟರಾಗಿದ್ದವರು ಅವರು. ಮಿಲ್ಲು ಮುಚ್ಚಿದ ಮೇಲೆ ಹೆಂಡತಿ ಮರುದಮ್ಮಾಳ್ ಮನೆಯಲ್ಲಿ ಗ್ರೈಂಡರ್ ಹಾಕಿಕೊಂಡರು. ಆಕೆ ರುಬ್ಬಿದ ಇಡ್ಲಿ ಹಿಟ್ಟನ್ನು ಎರಡು ಕ್ಯಾನುಗಳಲ್ಲಿ ತುಂಬಿ, ಬೆಳಗಾಗುವ ಹೊತ್ತಿಗೆ ಹದಿನೆಂಟು ಅಂಗಡಿಗಳಿಗೆ ಸೈಕಲ್ಲಿನಲ್ಲಿ ಮುಟ್ಟಿಸುವುದು ಆರುಚ್ಚಾಮಿಯ ಕೆಲಸ. ಈ ವರ್ಷ ಅವರ ಬಲ ಮಂಡಿ ಊದಿಕೊಂಡಿತು. ಇನ್ನು ಪೆಡಲು ತುಳಿಯಕೂಡದು ಎಂದು ಡಾಕ್ಟರು ಹೇಳಿದ್ದೇ, ಅವರು ಸೀದಾ ಹೋಗಿ ಮೋಟಾರು ಕೊಂಡು ತಂದಿದ್ದರು.

"ಮೂರು ದಾರಿ ಇವೆ," ಎಂದರು ಅಂದು ಬೆಳಿಗ್ಗೆ ಇಡ್ಲಿಗೆ ಕೂತಾಗ. "ಒಂದು, ಸೀಸದ ಬ್ಯಾಟರಿ. ಮೂರು ಬೇಕು. ಆರು ಸಾವಿರದ ಮುನ್ನೂರು."

"ಅದನ್ನೇ ತಗೊಳ್ಳಿ ಮತ್ತೆ," ಎಂದ ಮಗ ಕದಿರ್ವೇಲ್. ಎರಕದ ಕಾರ್ಖಾನೆಯಲ್ಲಿ ದುಡಿಯುವ ಅವನಿಗೆ ಬೆಳಗಿನ ಪಾಳಿಗೆ ಹೊತ್ತಾಗುತ್ತಿತ್ತು.

"ಹನ್ನೆರಡು ಕೆಜಿ ತೂಕ ಕಣೋ. ಹಿಟ್ಟು ನಲವತ್ತು ಕೆಜಿ, ನಾನು ಐವತ್ತೆಂಟು. ಸೈಕಲ್ಲೇನು ಕತ್ತೆನಾ? ಅದೂ ಅಲ್ದೆ ವರ್ಷಕ್ಕೇ ಸತ್ತೋಗುತ್ತೆ. ಎರಡನೇದು ಹೊಸಾ ಲಿಥಿಯಂ. ಮಗು ಥರ ಎತ್ಕೊಂಡು ಓಡಾಡಬೋದು. ಎರಡು ವರ್ಷ ಗ್ಯಾರಂಟಿ. ಹದಿನಾಲ್ಕೂವರೆ ಸಾವಿರ."

"ಹದಿನಾಲ್ಕೂವರೆ ಸಾವಿರಕ್ಕೆ ನಿಮ್ಮನ್ನ ಹೊತ್ಕೊಂಡು ತಿರುಗೋಕೆ ಆಳೇ ಸಿಗ್ತಾನೆ," ಎಂದರು ಮರುದಮ್ಮಾಳ್ ಚಟ್ನಿ ಬಡಿಸುತ್ತ.

ಮೊಮ್ಮಗಳು ಇಳವರಸಿ ನಕ್ಕಳು. ಹನ್ನೆರಡನೆಯ ತರಗತಿಯ ಹುಡುಗಿ, ತಾತನನ್ನು ಎದುರಿಗೇ ಕೆಣಕುವ ಸಲಿಗೆ ಅವಳಿಗಿತ್ತು. "ತಾತ ಮೂರನೇದನ್ನ ಹೇಳೋಕೇ ಮೊದಲೆರಡನ್ನ ಹೇಳಿದ್ದು. ಮನಸ್ಸಲ್ಲಿ ಆಗಲೇ ತಗೊಂಡಾಗಿದೆ. ಹೇಳಿ ತಾತ."

ಆರುಚ್ಚಾಮಿ ನಾಚಿದವರಂತೆ ಮೀಸೆ ಒರೆಸಿಕೊಂಡರು. "ಉಕ್ಕಡಂ ಗುಜರೀಲಿ ದೊರೈ ಅಂತ ಒಬ್ಬ ಇದಾನೆ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಒಳಗಿನ ಸೆಲ್ ಬಿಡಿಬಿಡಿಯಾಗಿ ಮಾರ್ತಾನೆ. ಒಂದಕ್ಕೆ ನಲವತ್ತೈದು ರೂಪಾಯಿ. ಐವತ್ತು ಸೆಲ್ ತಂದು ನಾನೇ ಜೋಡಿಸಿದ್ರೆ ಮೂರು ಸಾವಿರದೊಳಗೆ ಮುಗೀತು."

ಸೊಸೆ ತುಳಸಿಮಣಿ ಅಲ್ಲಿಯವರೆಗೂ ಡಬ್ಬಿಗೆ ಊಟ ತುಂಬುತ್ತಿದ್ದಳು. ಅವಳು ಗಣಪತಿ ಎಂಬ ಬಡಾವಣೆಯ ಒಂದು ಪಂಪಿನ ಕಾರ್ಖಾನೆಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುವವಳು. ಹದಿನಾರು ವರ್ಷದಿಂದ ಅದೇ ಕೆಲಸ. ಸುಟ್ಟ ಮೋಟಾರನ್ನು ಬಿಚ್ಚುವ ಮೊದಲೇ ಬರಿ ವಾಸನೆಯಿಂದ ಎಲ್ಲಿ ಸುಟ್ಟಿದೆ ಎಂದು ಹೇಳುತ್ತಾಳೆ ಎಂದು ಅಲ್ಲಿ ಹೆಸರಾಗಿದ್ದಳು.

"ಮಾಮ, ಹಳೇ ಸೆಲ್ ಅಂದ್ರೆ ಯಾರೋ ಬಿಸಾಕಿದ್ದು ತಾನೆ? ಯಾಕೆ ಬಿಸಾಕಿದ್ರಂತೆ?"

"ಒಂದು ಬ್ಯಾಟರಿಲಿ ಆರು ಸೆಲ್ ಇರುತ್ತೆ ಅಮ್ಮಣಿ. ಒಂದು ಕೆಟ್ರೆ ಪೂರಾ ಎಸೀತಾರೆ. ಉಳಿದ ಐದು ಕಲ್ಲಿನಂಗೆ ಇರ್ತವೆ."

"ಆ ಕೆಟ್ಟಿದ್ದು ಯಾವ್ದು ಅಂತ ದೊರೈ ಹೇಳ್ತಾನಾ?"

"ನನ್ಹತ್ರ ಮೀಟರ್ ಇಲ್ವಾ? ನೋಡಿ ಆರಿಸ್ತೀನಿ."

"ದೀಪಾವಳಿಗೆ ನಂಗೆ ಬೋನಸ್ ಬರುತ್ತೆ. ಪೆಟ್ಟಿಗೆಲಿರೋದಕ್ಕೆ ಅದನ್ನ ಸೇರಿಸಿ ಹೊಸದೇ ತಗೊಳ್ಳೋಣ. ಐದು ತಿಂಗಳಷ್ಟೇ."

"ಐದು ತಿಂಗಳು ಹಿಟ್ಟು ಯಾರು ಹಾಕ್ತಾರೆ? ನಿನ್ನ ಗಂಡನಾ?" ಎಂದು ಅವರು ಕೈ ತೊಳೆಯಲು ಎದ್ದರು. ಕದಿರ್ವೇಲ್ ತಲೆ ಎತ್ತಲಿಲ್ಲ.

ಶನಿವಾರ ಅವರು ಒಂದು ಗೋಣಿಚೀಲದಲ್ಲಿ ಸೆಲ್ಲುಗಳನ್ನು ತಂದರು. ಐವತ್ತಲ್ಲ, ಇನ್ನೂರು. "ಒಟ್ಟಿಗೆ ತಗೊಂಡ್ರೆ ಮೂವತ್ತೈದಕ್ಕೆ ಕೊಟ್ಟ," ಎಂದರು. ರುಬ್ಬುವ ಕೋಣೆಯ ಮೂಲೆಯಲ್ಲಿ ಹಲಗೆ ಹಾಕಿಕೊಂಡು, ಹೆಬ್ಬೆರಳಿಗಿಂತ ತುಸು ಉದ್ದದ ಆ ನೀಲಿ ಕೊಳವೆಗಳನ್ನು ಪಟಾಕಿಯಂತೆ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಮೀಟರು ಹಿಡಿದರು. ಸಂಜೆ ಕೆಲಸದಿಂದ ಬಂದ ತುಳಸಿ ಒಂದನ್ನು ಕೈಗೆತ್ತಿಕೊಂಡಳು. ಹೊಚ್ಚಹೊಸದರಂತೆ ಹೊಳೆಯುತ್ತಿತ್ತು. ಉಗುರಿನಿಂದ ನೀಲಿ ಹೊದಿಕೆಯ ಅಂಚು ಎಬ್ಬಿಸಿದಳು. ಒಳಗೆ ಇನ್ನೊಂದು ಹೊದಿಕೆ, ಹಸಿರು, ಹರಿದದ್ದು. ಅದರಡಿ ತಗಡಿನ ಮೇಲೆ ತುಕ್ಕಿನ ಚುಕ್ಕೆ.

"ಮಾಮ, ಇದಕ್ಕೆ ಹೊಸ ಅಂಗಿ ತೊಡಿಸಿದಾನೆ ನಿಮ್ಮ ದೊರೈ."

ಅವರು ಅದನ್ನು ಕಿತ್ತುಕೊಂಡು ನೋಡಿ ಪಕ್ಕಕ್ಕೆಸೆದರು. "ಇರ್ಲಿ. ಇನ್ನೂರರಲ್ಲಿ ನಾಲ್ಕು ಹಾಗಿರುತ್ತೆ."

"ನಾಲ್ಕೇನಾ? ಎಲ್ಲಾದರ ಅಂಗೀನೂ ಬಿಚ್ಚಿ ನೋಡಿದ್ರಾ?"

"ನಿನ್ನ ಕಾರ್ಖಾನೆ ಸೂಪರ್‌ವೈಸರ್ ಥರ ಮಾತಾಡ್ಬೇಡ. ನಾನು ಫಿಟ್ಟರು. ಕಬ್ಬಿಣ ನನ್ಹತ್ರ ಸುಳ್ಳು ಹೇಳಲ್ಲ."

"ಇದು ಕಬ್ಬಿಣ ಅಲ್ಲ ಮಾಮ," ಎಂದು ಅವಳು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅತ್ತೆ ಬೇಳೆ ಸೀಯುತ್ತಿದೆ ಎಂದು ಕೂಗಿದರು. ಒಳಗೆ ಓಡಿದಳು.

ಬ್ಯಾಟರಿ ಸಿದ್ಧವಾಗಲು ಒಂಬತ್ತು ದಿನ ಹಿಡಿಯಿತು. ಐದೈದು ಸೆಲ್ಲಿನ ಹತ್ತು ಕಂತೆ, ಮೇಲೆ ಹಳದಿ ಟೇಪು. ಒಂದು ಪಕ್ಕಕ್ಕೆ ಬೆರಳಗಲದ ಹಸಿರು ಬೋರ್ಡು. ತುಂಬಿದಾಗ, ಬರಿದಾದಾಗ, ಬಿಸಿಯೇರಿದಾಗ ತಾನಾಗಿ ಕರೆಂಟು ಕಡಿಯುವುದು ಅದರ ಕೆಲಸ. ಇಳವರಸಿ ಕುಂಕುಮ ಹಚ್ಚಿದಳು. ಆರುಚ್ಚಾಮಿ ಹ್ಯಾಂಡಲಿನ ಪಕ್ಕದ ಹಿಡಿ ತಿರುಗಿಸಿದ್ದೇ ತಡ, ಸೈಕಲ್ಲು ಗುಂಯ್ ಎಂದು ಬೀದಿಗೆ ಹಾರಿತು. ಆ ಬೀದಿಯ ತುದಿಯಿಂದ ಈ ತುದಿಗೆ ಕಾಲು ಚಾಚಿಕೊಂಡು ಬಂದ ಅವರ ಮುಖ ನೋಡಿ ತುಳಸಿಗೂ ನಗು ಬಂತು. ಮಿಲ್ಲು ಮುಚ್ಚಿದ ಮೇಲೆ ಆ ಮುಖ ಅಷ್ಟು ಅರಳಿದ್ದನ್ನು ಅವಳು ಕಂಡಿರಲಿಲ್ಲ.

ನಾಲ್ಕನೆಯ ದಿನ ಅವರು ಬೆವರಿಳಿಸುತ್ತ, ಸೈಕಲ್ಲು ತಳ್ಳಿಕೊಂಡು ಬಂದರು. ಮೇಲ್ಸೇತುವೆ ಹತ್ತುವಾಗ ಬೋರ್ಡು ಕರೆಂಟು ಕಡಿದಿತ್ತು. ಮರುದಿನವೂ ಅಷ್ಟೇ. ಆಮೇಲೆ ಎರಡು ದಿನ ಸದ್ದಿಲ್ಲ. ಭಾನುವಾರ ಮಧ್ಯಾಹ್ನ ಹುರುಳಿ ರಸಂ ಸುರಿದುಕೊಳ್ಳುತ್ತ ಅವರೇ ಹೇಳಿದರು.

"ಆ ಬೋರ್ಡು ಕಿತ್ತಾಕ್ದೆ. ಸುಮ್ನೆ ಹೆದರುಪುಕ್ಲು. ಸ್ವಲ್ಪ ಏರು ಬಂದ್ರೆ ಕೈಕಾಲು ಬಿಡೋದು. ಈಗ ನೇರ ವೈರು. ಸೇತುವೆ ಮೇಲೆ ಬಸ್ಸಿನ ಪಕ್ಕ ಹೋಗ್ತೀನಿ."

ತುಳಸಿ ಸೌಟು ಕೆಳಗಿಟ್ಟಳು. "ಫ್ಯೂಸ್ ಕಿತ್ತು ಮೊಳೆ ಸಿಕ್ಕಿಸಿದಂಗಾಯ್ತಲ್ಲ ಮಾಮ ಇದು!"

"ಮಿಲ್ಲಲ್ಲಿ ಎಷ್ಟು ಸಲ ಸಿಕ್ಕಿಸಿದೀವಿ."

"ಅದು ಪಾಳಿಲಿ ಹತ್ತು ಜನ ಎದುರಿಗೆ ನಿಂತಿದ್ದಾಗ. ಇದನ್ನ ಚಾರ್ಜಿಗೆ ಹಾಕಿ ಎಲ್ಲರೂ ಎದ್ದು ಹೋಗ್ತೀವಿ. ಏನ್ರೀ, ನೀವಾದ್ರೂ ಹೇಳಿ."

ಕದಿರ್ವೇಲ್ ಅನ್ನ ಕಲಸುತ್ತಲೇ ಇದ್ದ. "ಅಪ್ಪನಿಗೆ ಗೊತ್ತಿರುತ್ತೆ ಬಿಡು. ಎಷ್ಟೋ ದಿನದ ಮೇಲೆ ಮನೆಲಿ ಸಿಡಿಮಿಡಿ ಇಲ್ದೆ ಇದಾರೆ."

"ಸಿಡಿಯೋದು ಅವರಲ್ಲ ಅಂತಾನೇ ನಾನು ಹೇಳ್ತಿರೋದು."

"ಬಾಯಿ ಮುಚ್ಚು ತುಳಸಿ, ಊಟದ ಹೊತ್ತಲ್ಲಿ ಅಪಶಕುನ ಆಡ್ತಾರಾ?" ಎಂದು ಅತ್ತೆ ಗದರಿದರು. ಆದರೆ ಊಟ ಮುಗಿದ ಮೇಲೆ ಅದೇ ಅತ್ತೆ ರುಬ್ಬುವ ಕೋಣೆಗೆ ಹೋಗಿ, ಹಲಗೆಯ ಪಕ್ಕದಲ್ಲಿದ್ದ ಎಣ್ಣೆಯ ಡಬ್ಬವನ್ನೂ ಉಪ್ಪಿನಕಾಯಿ ಜಾಡಿಯನ್ನೂ ಒಂದೊಂದಾಗಿ ಅಡುಗೆಮನೆಗೆ ಸಾಗಿಸಿದರು.

ಬೀದಿಯ ಜನ ಸುಮ್ಮನಿರುತ್ತಾರೆಯೇ? ಪೇಪರ್ ಏಜೆಂಟ್ ದೇವರಾಜ್ ಬಂದು ತನ್ನ ಸೈಕಲ್ಲಿಗೂ ಹಾಗೇ ಮಾಡಿಕೊಡಿ ಎಂದ. ಮಾಡಿಕೊಟ್ಟರು. ಆಮೇಲೆ ಪಾಪಾತಿ ಬಂದಳು. ಇರುಗೂರಿನ ಒಂದು ಸಾಲುಮನೆಯಲ್ಲಿ ಬಾಡಿಗೆಗಿದ್ದ ಅವಳು ಈ ಬೀದಿಗೂ ಹೂ ಹಾಕುವ ವ್ಯಾಪಾರದವಳು. ಗಂಡ ಇಲ್ಲ, ಮಕ್ಕಳಿಲ್ಲ. ಪಾರ್ಶ್ವವಾಯು ಹೊಡೆದು ಎರಡು ಕಾಲೂ ಬಿದ್ದುಹೋದ ಅಪ್ಪ ನಾಚಿಮುತ್ತುವನ್ನು ನೋಡಿಕೊಂಡಿದ್ದಳು. ದಿನಾ ಹೂವಿನ ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಹನ್ನೊಂದಾಗುತ್ತದೆ, ಅಷ್ಟು ಹೊತ್ತೂ ಅಪ್ಪ ಹಸಿದಿರುತ್ತಾರೆ ಎಂದಳು.

"ಅಣ್ಣ, ನಂಗೂ ಒಂದು ಜೋಡಿಸಿಕೊಡಿ. ಹತ್ತು ಗಂಟೆಗೆ ಮನೆ ಸೇರಿದ್ರೆ ಸಾಕು ನಂಗೆ."

ಆರುಚ್ಚಾಮಿ ಅವಳಿಂದ ಮೋಟಾರು, ಸೆಲ್ಲಿನ ಅಸಲು ಬಿಟ್ಟು ಕೂಲಿ ಮುಟ್ಟಲಿಲ್ಲ. ಅವಳು ಮೊದಲ ಸಲ ಸೈಕಲ್ಲೇರಿ ಹೋದಾಗ ಹಿಂದಿನ ಬುಟ್ಟಿಯಿಂದ ಮಲ್ಲಿಗೆ ಉದುರುತ್ತಿತ್ತು. ಇಳವರಸಿ ಅದನ್ನು ಆಯ್ದು ಮುಡಿದುಕೊಂಡಳು. ಅಂದು ಅವರು ಮಟನ್ ತಂದರು. ಎಲ್ಲರೂ ಹೊಟ್ಟೆ ಬಿರಿಯುವಷ್ಟು ಉಂಡರು. ತುಳಸಿ ಮಾತ್ರ ಒಂದೇ ಮಾತು ಕೇಳಿದಳು.

"ಮಾಮ, ಅವರಿಬ್ಬರದಕ್ಕೂ ಬೋರ್ಡು ಹಾಕಿದೀರಾ?"

ಅವರು ಮೂಳೆ ಚೀಪುತ್ತಿದ್ದರು. ಕೇಳಿಸದವರಂತೆ ಇನ್ನೊಂದು ತುಂಡು ಹಾಕಿಕೊಂಡರು.

ಎರಡನೆಯ ತಿಂಗಳಿಗೆ ಬ್ಯಾಟರಿಯ ನಡವಳಿಕೆ ಬದಲಾಯಿತು. ಮೊದಲು ಒಮ್ಮೆ ಚಾರ್ಜು ಮಾಡಿದರೆ ಎರಡು ದಿನ ಓಡುತ್ತಿದ್ದದ್ದು ಈಗ ಒಂದೇ ಸುತ್ತಿಗೆ ಬರಿದಾಗತೊಡಗಿತು. ಚಾರ್ಜಿಗೆ ಹಾಕಿದಾಗ ಒಂದು ಮೂಲೆ ಮಾತ್ರ ಬೆಚ್ಚಗಾಗುತ್ತಿತ್ತು, ಜ್ವರ ಬಂದ ಮಗುವಿನ ಹಣೆಯ ಹಾಗೆ. ತುಳಸಿ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಆ ಮೂಲೆಯನ್ನು ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಂಡಳು. ಆರುಚ್ಚಾಮಿಯೂ ಯಾರೂ ಇಲ್ಲದಾಗ ಟೇಪು ಬಿಚ್ಚಿ ಮೀಟರು ಹಿಡಿದು ನೋಡುತ್ತಿದ್ದುದು ಅವಳಿಗೆ ಗೊತ್ತಿತ್ತು. ಟೇಪು ದಿನಕ್ಕೊಂದು ಸುತ್ತು ದಪ್ಪವಾಗುತ್ತಿತ್ತು.

ಒಂದು ಸಂಜೆ ಕೋಣೆಯಲ್ಲಿ ಹೊಸ ವಾಸನೆ ಇತ್ತು. ಅವಳು ಬಾಗಿಲಲ್ಲೇ ನಿಂತಳು. ಹುಳಿ ಬಂದ ಹಿಟ್ಟಿನದಲ್ಲ. ಸುಟ್ಟ ಮೋಟಾರಿನ ವಾರ್ನಿಷಿನದಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. ಉಗುರುಬಣ್ಣದ ಸೀಸೆ ತೆರೆದಿಟ್ಟಂಥ ಒಂದು ಸಿಹಿ ಘಾಟು.

"ಇಳಾ, ಉಗುರಿಗೆ ಬಣ್ಣ ಹಚ್ಕೊಂಡ್ಯಾ?"

"ಇಲ್ಲಮ್ಮ. ನಂಗೂ ಬೆಳಗಿಂದ ಬರ್ತಿದೆ. ಫೋನಲ್ಲಿ ನೋಡ್ದೆ. ಸೆಲ್ ಒಳಗಿನ ದ್ರವ ಸೋರಿದ್ರೆ ಹಿಂಗೆ ವಾಸನೆ ಬರುತ್ತಂತೆ. ತಾತಂಗೆ ಹೇಳ್ದೆ. 'ನಿನ್ನ ಫೋನ್ ಫಿಟ್ಟರಾ?' ಅಂದ್ರು."

"ಅದು ನಮ್ಮನೇಲಿ ಉಸಿರಾಡ್ತಿದೆ," ಎಂದರು ಮರುದಮ್ಮಾಳ್, ಅಕ್ಕಿ ತೊಳೆಯುತ್ತಿದ್ದಲ್ಲಿಂದ, ಯಾರಿಗೂ ಅಲ್ಲದಂತೆ.

ತಮಿಳರ ಆಷಾಢವಾದ ಆಡಿ ತಿಂಗಳ ಎರಡನೆಯ ಭಾನುವಾರ ಅದು ಉಸಿರು ಬಿಟ್ಟಿತು. ಮಧ್ಯಾಹ್ನ ಒಂದೂವರೆ. ಆರುಚ್ಚಾಮಿ ಉಂಡು ಜಗುಲಿಯಲ್ಲಿ ಮಲಗಿದ್ದರು. ಕದಿರ್ವೇಲ್ ಪಾಳಿಗೆ ಹೋಗಿದ್ದ. ತುಳಸಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಒಳಗಿಂದ ಒಗ್ಗರಣೆ ಸಿಡಿದಂತೆ ಚಿಟಚಿಟ ಸದ್ದಾಯಿತು. ಒಲೆ ಹೊತ್ತಿರಲಿಲ್ಲ. ಓಡಿದಳು. ಹಳದಿ ಟೇಪು ಒಂದು ಮೂಲೆಯಲ್ಲಿ ಕಪ್ಪಗೆ ಮುದುಡಿ, ಸಣ್ಣಗೆ ಬಿಳಿ ಹೊಗೆ ಎಳೆಯೆಳೆಯಾಗಿ ಏಳುತ್ತಿತ್ತು. ಗೋಡೆಯ ಸ್ವಿಚ್ಚು ಆರಿಸಿದಳು. ಬಟ್ಟೆ ಹರವುವ ಗಳದಿಂದ ಅದನ್ನು ಹಲಗೆಯಿಂದ ಕೆಡವಿ, ನೂಕುತ್ತ ನೂಕುತ್ತ ಹಿತ್ತಲ ಬಾಗಿಲು ದಾಟಿಸಿದಳು. ಕಟ್ಟಡಕ್ಕೆಂದು ಪಕ್ಕದ ಮನೆಯವರು ಸುರಿಸಿದ್ದ ಮರಳಿನ ಮೇಲೆ ಬಿದ್ದದ್ದೇ ಅದು ಬುಸ್ಸೆಂದಿತು. ಒಂದು ಸೆಲ್ಲು ಹಾರಿ ನೀರಿನ ಡ್ರಮ್ಮಿಗೆ ಬಡಿದು ತೂತು ಮಾಡಿತು. ಆಮೇಲೆ ಒಂದರ ಹಿಂದೆ ಒಂದು, ಉರಿ, ಸದ್ದು, ಮೂಗು ಕಿತ್ತುಹೋಗುವ ಹೊಗೆ. ಹತ್ತು ನಿಮಿಷದಲ್ಲಿ ಅಲ್ಲಿ ಕರಿ ತಗಡಿನ ಗುಪ್ಪೆಯಷ್ಟೇ ಉಳಿದಿತ್ತು.

ಆರುಚ್ಚಾಮಿ ಹಿತ್ತಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಡ್ರಮ್ಮಿನ ತೂತಿನಿಂದ ನೀರು ನೆಟ್ಟಗೆ ಧಾರೆಯಾಗಿ ಅವರ ಕಾಲ ಮೇಲೆ ಬೀಳುತ್ತಿತ್ತು.

"ಇನ್ನೆರಡು ಇವೆ ಮಾಮ," ಎಂದಳು ತುಳಸಿ. "ಇವತ್ತೇ ಹೋಗಿ ತನ್ನಿ."

ಸಂಜೆಯೊಳಗೆ ದೇವರಾಜನ ಬ್ಯಾಟರಿ ಬಂತು. ಅವನಿಗೆ ನಡೆದದ್ದನ್ನು ಹೇಳಬೇಕಾಗಲಿಲ್ಲ. ಹೊಗೆಯನ್ನು ಅವನೇ ಕಂಡಿದ್ದ. ಬೈದು, ಬಿಚ್ಚಿ ಕೊಟ್ಟ. ಅದನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಬಯಲಲ್ಲಿಟ್ಟರು. ಸೋಮವಾರ ಬಸ್ಸು ಹತ್ತಿ ಇರುಗೂರಿಗೆ ಹೋದ ಆರುಚ್ಚಾಮಿ ಬರಿಗೈಯಲ್ಲಿ ಬಂದರು.

"ಕೊಡಲಿಲ್ವಾ?" ಎಂದಳು ತುಳಸಿ.

"ಈ ಶುಕ್ರವಾರ ಆಡಿ ಶುಕ್ರವಾರ, ಅಮ್ಮನ ಗುಡಿಗಳಲ್ಲೆಲ್ಲ ಪೂಜೆ. ವರ್ಷಕ್ಕೆಲ್ಲ ಹೂವಿನ ವ್ಯಾಪಾರ ಇರೋದೇ ಈಗ. ಶನಿವಾರ ತಗೊಂಡೋಗಿ ಅಣ್ಣ ಅಂದ್ಲು."

"ನೀವೇನಂದ್ರಿ? ನಮ್ಮನೇದು ಉರಿದೋಯ್ತು ಅಂದ್ರಾ?"

ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. "ಸ್ವಲ್ಪ ಸರ್ವಿಸ್ ಮಾಡ್ಬೇಕು ಅಂದೆ."

"ಸರ್ವಿಸ್ಸಾ!"

"ಏನ್ ಹೇಳ್ಲಿ ಅಮ್ಮಣಿ? ಕಾಫಿ ಕೊಟ್ಲು. ಅವರಪ್ಪ ಎರಡು ಕೈ ಎತ್ತಿ ಮುಗಿದ, ನಿಮ್ಮಿಂದ ನಾನು ಹೊತ್ತಿಗೆ ಸರಿಯಾಗಿ ಉಣ್ತಿದೀನಿ ಅಂತ. ಅವನ ಮುಂದೆ ನಿಂತು, ನಿನ್ನ ಮಂಚದ ಕೆಳಗೆ ಬೆಂಕಿ ಇಟ್ಟಿದೀನಿ ಅನ್ಲಾ?"

"ಮಂಚದ ಕೆಳಗಾ? ಅಲ್ಲಿ ಇಟ್ಟು ಚಾರ್ಜ್ ಮಾಡ್ತಾಳಾ?"

ಅವರು ಹೂಂಗುಟ್ಟಿದರು. ತುಳಸಿ ಫೋನು ಕೈಗೆತ್ತಿಕೊಂಡಳು. "ನಂಬರ್ ಇದೆ. ನಾನೇ ಹೇಳ್ತೀನಿ."

ಮರುದಮ್ಮಾಳ್ ಬಂದು ಫೋನಿನ ಮೇಲೆ ಕೈ ಇಟ್ಟರು. "ಅವಳು ಹತ್ತು ಮನೆಗೆ ಹೂ ಹಾಕೋಳು. ಇವತ್ತು ಹೇಳಿದ್ರೆ ನಾಳೆ ಇಡೀ ಸಿಂಗಾನಲ್ಲೂರಿಗೆ ಗೊತ್ತಾಗುತ್ತೆ. ನಮ್ಮ ಹಿಟ್ಟು ಯಾರು ತಗೋತಾರೆ? ಇಷ್ಟು ದಿನ ಏನೂ ಆಗಿಲ್ಲ. ಇನ್ನು ನಾಲ್ಕು ದಿನ."

"ಅವಳದು ನಮ್ಮದಕ್ಕಿಂತ ಹೊಸದು ಕಣೆ," ಎಂದ ಕದಿರ್ವೇಲ್ ಕೂಡ. "ಶನಿವಾರ ಬೆಳಿಗ್ಗೆ ನಾನೇ ಹೋಗಿ ತರ್ತೀನಿ."

ತುಳಸಿ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಫೋನು ಕೆಳಗಿಟ್ಟಳು. ಮಂಗಳವಾರ, ಬುಧವಾರ ಕೆಲಸದಲ್ಲಿ ತಂತಿ ಸುತ್ತುವಾಗ ಅವಳಿಗೆ ಸುತ್ತು ತಪ್ಪುತ್ತಿತ್ತು. ಬಿಚ್ಚಿ ಮತ್ತೆ ಸುತ್ತಿದಳು. ಬುಧವಾರ ಊಟದ ಬಿಡುವಿನಲ್ಲಿ ಪಾಪಾತಿಯ ನಂಬರು ತೆಗೆದು ನೋಡಿದಳು. ಈಗ ಹೂ ಕಟ್ಟುತ್ತಿರುತ್ತಾಳೆ, ಸಂಜೆ ಮಾಡೋಣ ಎಂದುಕೊಂಡಳು. ಸಂಜೆ ಮಾಡಲಿಲ್ಲ.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಕದಿರ್ವೇಲನ ಫೋನು ಬಂತು.

"ಇರುಗೂರಲ್ಲಿ ಸಾಲುಮನೆಗೆ ಬೆಂಕಿ ಬಿದ್ದಿದೆಯಂತೆ. ದೇವರಾಜ್ ಹೇಳ್ದ. ಅಪ್ಪ ಕೇಳಿದ ತಕ್ಷಣ ಹೊರಟುಬಿಟ್ಟಿದಾರೆ, ನೀನು ಬರೋವರೆಗೂ ಬಸ್ ಸ್ಟಾಪಲ್ಲೇ ಇರಿ ಅಂದಿದೀನಿ. ನಂಗೆ ಪಾಳಿ ಬಿಟ್ಟು ಬರೋಕಾಗಲ್ಲ. ನೀನು ಹೋಗಿ ಹಿಡ್ಕೋ ಅವರನ್ನ. ತುಳಸಿ, ಕೇಳು, ಅಲ್ಲಿ ಏನೂ ಬಾಯಿಬಿಡೋದು ಬೇಡ. ಪೊಲೀಸ್ ಕೇಸಾಗುತ್ತೆ. ಇಳಾ ಪರೀಕ್ಷೆ ವರ್ಷ. ಅರ್ಥ ಆಯ್ತಾ?"

"ಪಾಪಾತಿ ಅಪ್ಪ?"

"ಗೊತ್ತಿಲ್ಲ."

ಮಾವ ಬಸ್ ಸ್ಟಾಪಿನ ಕಟ್ಟೆಯ ಮೇಲೆ, ಮನೆಯಲ್ಲುಡುವ ಪಂಚೆಯಲ್ಲೇ ಕೂತಿದ್ದರು. ತುಳಸಿ ಆಟೋ ಹಿಡಿದು ಅವರನ್ನು ಕೂರಿಸಿಕೊಂಡಳು. ದಾರಿಯಲ್ಲಿ ಅವಳು ಅವರ ಮಂಡಿಯ ಮೇಲೆ ಕೈ ಇಟ್ಟಳು. "ಮಾಮ, ಅಲ್ಲಿ ಹೋಗಿ ನೋಡ್ಕೊಂಡು ಬಂದ್ಬಿಡೋಣ. ಏನಾಗಿದೆ ಅಂತ ಮೊದಲು ತಿಳ್ಕೊಳ್ಳೋಣ. ಮಾತಾಡೋದು ಬೇಡ." ತನ್ನ ಬಾಯಿಂದಲೇ ಆ ಮಾತು ಬಂದದ್ದು ಅವಳಿಗೂ ಕೇಳಿಸಿತು. ಆದರೂ ಇನ್ನೊಮ್ಮೆ ಹೇಳಿದಳು. "ಬೇಡ ಮಾಮ."

ಐದು ಮನೆಗಳ ಸಾಲಿನಲ್ಲಿ ನಡುವಿನದಕ್ಕೆ ಬಾಗಿಲೇ ಇರಲಿಲ್ಲ. ಹೆಂಚು ಕುಸಿದು ಒಳಗೆ ಬಿಸಿಲು ಬಿದ್ದಿತ್ತು. ಅಗ್ನಿಶಾಮಕದವರು ಪೈಪು ಸುತ್ತುತ್ತಿದ್ದರು. ಬೀದಿಯ ಕೆಸರಿನಲ್ಲಿ ನಾಳೆಯ ವ್ಯಾಪಾರಕ್ಕೆ ಕಟ್ಟಿಟ್ಟಿದ್ದ ಹೂವಿನ ದಂಡೆಗಳು ತುಳಿತಕ್ಕೆ ಸಿಕ್ಕಿ ಬಿದ್ದಿದ್ದವು. ನಾಚಿಮುತ್ತುವನ್ನು ಪಕ್ಕದ ಮನೆಯ ನೇಕಾರನೊಬ್ಬ ಕಂಬಳಿ ಹೊದ್ದು ಒಳಗೆ ನುಗ್ಗಿ ಎಳೆದು ತಂದಿದ್ದನಂತೆ. ಬೆನ್ನು, ಕಾಲು ಸುಟ್ಟಿತ್ತು. ಆಂಬುಲೆನ್ಸು ದೊಡ್ಡಾಸ್ಪತ್ರೆಗೆ ಒಯ್ದಿತ್ತು. ಜೊತೆಗೆ ಹೋಗಲು ಹೊರಟ ಪಾಪಾತಿಯನ್ನು ಆ ಬಾಡಿಗೆ ಮನೆಗಳ ಯಜಮಾನ ಬಿಟ್ಟಿರಲಿಲ್ಲ. ಅವಳ ಬುಟ್ಟಿಯ ಹಿಡಿ ಹಿಡಿದುಕೊಂಡು ಊರೆಲ್ಲ ಕೇಳುವಂತೆ ಕೂಗುತ್ತಿದ್ದ.

"ದೀಪ ಹಚ್ಚಿಟ್ಟು ಬಾಗಿಲು ಹಾಕ್ಕೊಂಡು ಹೋಗಿದೀಯ! ಕುಂಟ ಮುದುಕನ್ನ ಒಳಗೆ ಬಿಟ್ಟು! ಐದು ಮನೆ ಉರಿದೋಗ್ತಿತ್ತಲ್ಲೇ!"

"ದೀಪ ಹಚ್ಚಿರಲಿಲ್ಲ ಸ್ವಾಮಿ. ನಾನು ಬೆಳಿಗ್ಗೆ ಹಚ್ಚಿದ್ದು, ಆರಿಸಿ ಹೋದೆ," ಎಂದು ಪಾಪಾತಿ ಹೇಳಿದ್ದನ್ನೇ ಹೇಳುತ್ತಿದ್ದಳು. ಆಮೇಲೆ ಅವಳಿಗೇ ಅನುಮಾನ ಬಂದಂತೆ ಸುತ್ತ ನಿಂತವರನ್ನು ಕೇಳಿದಳು. "ಆರಿಸಿದ್ದೆ ತಾನೆ? ಆರಿಸಿದ್ದೆ ಅನ್ಸುತ್ತೆ. ಅಯ್ಯೋ, ಆರಿಸಿದ್ನೋ ಇಲ್ವೋ..."

ಪೊಲೀಸಿನವನೊಬ್ಬ ಅದನ್ನು ಬರೆದುಕೊಳ್ಳಲು ಪೆನ್ನು ತೆಗೆದ.

ಆರುಚ್ಚಾಮಿ ಮುಂದೆ ಹೆಜ್ಜೆ ಇಟ್ಟರು. ತುಳಸಿ ಅವರ ಮಣಿಕಟ್ಟು ಹಿಡಿದಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವರ ಗಡಿಯಾರದ ಪಟ್ಟಿ ಅವಳ ಅಂಗೈಗೆ ಒತ್ತಿತು. "ಮಾಮ, ಮನೆಗೆ ಹೋಗೋಣ. ಬನ್ನಿ. ಇಳಾ ಕಾಯ್ತಿರ್ತಾಳೆ."

ಅವರು ಅವಳ ಕಡೆ ತಿರುಗಿದರು. ಸಿಟ್ಟಿರಲಿಲ್ಲ. "ಎರಡು ತಿಂಗಳು ನೀನು ಹೇಳ್ದೆ, ನಾನು ಕೇಳಲಿಲ್ಲ," ಎಂದರು. "ಇವತ್ತೂ ಕೇಳಲ್ಲ ಬಿಡು." ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗುಂಪಿನೊಳಗೆ ಹೋದರು.

"ದೀಪ ಅಲ್ಲ," ಎಂದರು. ಕೆಮ್ಮಿ ಮತ್ತೆ ಹೇಳಿದರು. "ದೀಪ ಅಲ್ಲ ಸಾರ್. ಮಂಚದ ಕೆಳಗೆ ಸೈಕಲ್ ಬ್ಯಾಟರಿ ಚಾರ್ಜಿಗೆ ಇತ್ತು. ಅದು ನಾನು ಮಾಡಿದ್ದು. ಹಳೇ ಸೆಲ್ಲು. ಕರೆಂಟು ಕಡಿಯೋ ಬೋರ್ಡು ಇರುತ್ತೆ, ಅದನ್ನ ನಾನೇ ಹಾಕಲಿಲ್ಲ. ಬರ್ಕೊಳ್ಳಿ. ಆರುಚ್ಚಾಮಿ, ಸಿಂಗಾನಲ್ಲೂರು."

ಯಜಮಾನ ಬುಟ್ಟಿ ಬಿಟ್ಟು ಇವರ ಅಂಗಿ ಹಿಡಿದ. ಪೊಲೀಸಿನವನು ಬಿಡಿಸಿದ. ಯಾರೋ ಬೈದರು, ಯಾರೋ ತಳ್ಳಿದರು. ಆ ಗದ್ದಲದ ನಡುವೆ ಪಾಪಾತಿ ಮಾತ್ರ ಅಲುಗಾಡದೆ ಅವರನ್ನೇ ನೋಡುತ್ತಿದ್ದಳು.

"ಅಣ್ಣ, ಸೋಮವಾರ ಬಂದಿದ್ರಲ್ಲ."

"ಹೂಂ."

"ಸರ್ವಿಸ್ ಅಂದ್ರಿ."

"ಹೂಂ."

"ಆಗ ಗೊತ್ತಿತ್ತಾ?"

"ಗೊತ್ತಿತ್ತಮ್ಮ. ನಮ್ಮನೇದು ಹಿಂದಿನ ದಿನಾನೇ ಉರಿದಿತ್ತು."

ಅವಳ ಕಣ್ಣು ತುಳಸಿಯ ಮೇಲೆ ಬಂದು ನಿಂತಿತು. ಕಾರ್ಖಾನೆಯ ನೀಲಿ ಕೋಟು ಇನ್ನೂ ತುಳಸಿಯ ಮೈಮೇಲೇ ಇತ್ತು. "ನಿಂಗೂ?"

ತುಳಸಿಗೆ ಹೇಳಲು ಬಹಳವಿತ್ತು. ಫೋನು ಎತ್ತಿಕೊಂಡದ್ದು, ಅತ್ತೆ ಕೈ ಅಡ್ಡ ಇಟ್ಟದ್ದು, ಬುಧವಾರ ನಂಬರು ತೆಗೆದದ್ದು. "ಗೊತ್ತಿತ್ತಕ್ಕ," ಎಂದಳು.

ಪಾಪಾತಿ ಸೆರಗಿನ ತುದಿಯಿಂದ ಮುಖದ ಮಸಿ ಒರೆಸಿಕೊಂಡಳು. "ಹಾಗಾದ್ರೆ ಆಸ್ಪತ್ರೆಗೆ ನೀವೂ ಬನ್ನಿ," ಎಂದಳು. "ಅಪ್ಪ ಬೆಳಿಗ್ಗೆ ಎದ್ರೆ ಮೊದಲು ನಿಮ್ಮ ಹೆಸರು ಹೇಳಿ ಕೈ ಮುಗೀತಿದ್ರು. ಎಚ್ಚರ ಆದ್ರೆ, ಏನಾಯ್ತು ಅಂತ ಅವರಿಗೆ ನೀವೇ ಹೇಳಿ. ನನ್ನ ಕೈಲಿ ಆಗಲ್ಲ."

ಆರುಚ್ಚಾಮಿ ಸಂಜೆ ಆರಕ್ಕೆ ಠಾಣೆಗೆ ಬರಬೇಕೆಂದು ಹೇಳಿ ಪೊಲೀಸಿನವನು ಅವರನ್ನು ಬಿಟ್ಟುಕೊಟ್ಟ. ಬಂದಿದ್ದ ಆಟೋವನ್ನೇ ಮೂವರೂ ಹತ್ತಿದರು. ನಡುವೆ ಪಾಪಾತಿ, ಅತ್ತ ಇತ್ತ ಇವರಿಬ್ಬರು. ಆಟೋ ಗುಂಡಿಗೆ ಬಿದ್ದಾಗಲೆಲ್ಲ ಭುಜಕ್ಕೆ ಭುಜ ತಾಗುತ್ತಿತ್ತು. ಅವಳ ಮೈಯಿಂದ ಹೊಗೆಯದೂ ಮಲ್ಲಿಗೆಯದೂ ಸೇರಿದ ವಾಸನೆ ಬರುತ್ತಿತ್ತು. ತುಳಸಿಯ ಫೋನು ನಾಲ್ಕು ಸಲ ಬಡಿದುಕೊಂಡಿತು. ಕದಿರ್ವೇಲ್. ಅವಳು ತೆಗೆಯಲಿಲ್ಲ.

ಸುಟ್ಟಗಾಯದ ವಾರ್ಡಿನ ಬಾಗಿಲಲ್ಲಿ ನರ್ಸು ರಿಜಿಸ್ಟರು ಹಿಡಿದು ನಿಂತಿದ್ದಳು. ಒಳಗೆ, ಪರದೆಯ ಸಂದಿಯಲ್ಲಿ, ಸೊಳ್ಳೆಪರದೆಯಂಥದ್ದರ ಕೆಳಗೆ ಬೋರಲಾಗಿ ಮಲಗಿಸಿದ್ದ ಮುದುಕನ ಬಿಳಿ ತಲೆ ಕಾಣುತ್ತಿತ್ತು. ಉಸಿರಿತ್ತು. ಎಪ್ಪತ್ತೆರಡು ಗಂಟೆ ಕಳೆಯದೆ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿಹೋಗಿದ್ದರಂತೆ.

"ಒಬ್ಬೊಬ್ಬರೇ ಹೋಗ್ಬೇಕು. ಹತ್ತಿರದೋರು ಮಾತ್ರ," ಎಂದಳು ನರ್ಸು. ಪಾಪಾತಿಯ ಹೆಸರು ಬರೆದುಕೊಂಡು, "ಮಗಳು" ಎಂದು ಸೇರಿಸಿದಳು. ಪಾಪಾತಿ ಒಳಗೆ ಹೋದಳು. ನರ್ಸು ಆರುಚ್ಚಾಮಿಯ ಕಡೆ ತಿರುಗಿದಳು. "ನೀವು ಅವರಿಗೆ ಏನಾಗ್ಬೇಕು?"

ಅವರು ತುಳಸಿಯ ಮುಖ ನೋಡಿದರು. ಅವಳು ಈ ಸಲ ಅವರ ಕೈ ಹಿಡಿಯಲಿಲ್ಲ, ಮಾತನ್ನೂ ತಡೆಯಲಿಲ್ಲ.

"ಸೈಕಲ್ ಮಾಡಿಕೊಟ್ಟವನು," ಎಂದರು ಆರುಚ್ಚಾಮಿ.

ನರ್ಸು ಅದನ್ನು ಹಾಗೆಯೇ ಬರೆದುಕೊಂಡಳು.